ತಂಪು ಒಬ್ಬರಿಗೆ, ಪೆಟ್ರೋಲ್ ಖರ್ಚು ನಮ್ಮ ಹುಡುಗರಿಗೆ



ಬೇಸಿಗೆ ಶುರುವಾಯ್ತು ಅಂದ್ರೆ ನಮ್ಮ ಗ್ರೂಪುಗಳಲ್ಲಿ ಒಂದು ಜಗಳ ತಪ್ಪಿದ್ದಲ್ಲ. ಯಾರೋ ಒಬ್ಬರು ಕ್ಯಾಬ್‌ನಲ್ಲಿ ಕೂತು ಬರೀತಾರೆ: "ಎಸಿ ಕ್ಯಾಬ್ ಅಂತಾನೇ ಬುಕ್ ಮಾಡಿದ್ದು. ಡ್ರೈವರ್ ಎಸಿ ಹಾಕಲ್ಲ ಅಂತಾನೆ. ಹಗಲುದರೋಡೆ." ಅರ್ಧ ಜನ ಡ್ರೈವರ್‌ಗೆ ಬಯ್ಯೋಕೆ ನಿಲ್ತಾರೆ. ಇನ್ನರ್ಧ ಜನ, ಅದರಲ್ಲೂ ನಮ್ಮ ಪರಿಸರವಾದಿ ಗೆಳೆಯರು, "ಎಸಿ ಯಾಕ್ರೀ ಬೇಕು, ಕಿಟಕಿ ಇಳಿಸ್ಕೊಂಡು ಹೋಗಿ" ಅಂತ ಕೂತವರಿಗೆ ಬುದ್ಧಿ ಹೇಳ್ತಾರೆ.

ನನಗೆ ಎರಡೂ ಮಾತು ಒಪ್ಪಿಗೆ ಇಲ್ಲ. ಕಾರಿನೊಳಗೆ ಹಿಂದಿನ ಸೀಟು, ಮುಂದಿನ ಸೀಟು ಜಗಳ ಆಡ್ತಾ ಇವೆ. ಜಗಳಕ್ಕೆ ಕಾರಣ ಆದವನು ಕಾರಿನಲ್ಲೇ ಇಲ್ಲ. "ಎಸಿ ಕ್ಯಾಬ್" ಅಂತ ಬೋರ್ಡು ಹಾಕಿ ತಂಪನ್ನ ಮಾರಿದ್ದು ಆ್ಯಪ್ ಕಂಪನಿ. ಆ ತಂಪಿಗೆ ಉರಿಯೋ ಪೆಟ್ರೋಲಿನ ದುಡ್ಡು ಡ್ರೈವರ್ ಜೇಬಿಂದು. ಇವತ್ತು ನಾನು ಬರೀತಿರೋದು ಈ ಲೆಕ್ಕದ ಬಗ್ಗೆ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ದಲಿತ ಸಂಘಟನೆಯವನಿಗೆ ಕಾರಿನ ಎಸಿ ಯಾಕೆ ಬೇಕಿತ್ತು ಅಂತ ಕೆಲವರು ಕೇಳಬಹುದು. ಕಾರಣ ಇದೆ. ಬೆಂಗಳೂರಿನ ಹಳದಿ ಬೋರ್ಡ್ ಕಾರುಗಳ ಸ್ಟೀರಿಂಗ್ ಹಿಂದೆ ಕೂತಿರೋರಲ್ಲಿ ನಮ್ಮ ಕೇರಿ ಹುಡುಗರು ತುಂಬಾ ಜನ ಇದ್ದಾರೆ. ನಮ್ಮ ಊರಿನ ಒಂದೇ ಕೇರಿಯಿಂದ ಏಳು ಜನ. ಜಮೀನಿಲ್ಲ, ಓದಿದ್ದಕ್ಕೆ ತಕ್ಕ ಕೆಲಸ ಸಿಗಲಿಲ್ಲ, ಡ್ರೈವಿಂಗ್ ಲೈಸೆನ್ಸ್ ಒಂದಿತ್ತು. ಸರ್ಕಾರವೂ ಈ ದಾರಿ ತೋರಿಸಿದೆ. ಮೊದಲು ಅಂಬೇಡ್ಕರ್ ಅಭಿವೃದ್ಧಿ ನಿಗಮದ ಮೂಲಕ ಐರಾವತ ಯೋಜನೆ ಬಂತು. ಆಮೇಲೆ ಸ್ವಾವಲಂಬಿ ಸಾರಥಿ ಬಂತು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ವಾಹನದ ಬೆಲೆಯ ಶೇ. 75ರಷ್ಟು, ಗರಿಷ್ಠ 4 ಲಕ್ಷ ರೂಪಾಯಿ ಸಹಾಯಧನ. ಉಳಿದದ್ದು ಬ್ಯಾಂಕ್ ಸಾಲ. ಇದಕ್ಕೆ ಹೋರಾಡಿದವರಲ್ಲಿ ನಾವೂ ಇದ್ದೀವಿ. ಅರ್ಜಿ ಬರೆದುಕೊಟ್ಟಿದ್ದೀವಿ, ನಿಗಮದ ಬಾಗಿಲಲ್ಲಿ ಕಾದಿದ್ದೀವಿ, ಹುಡುಗನ ಕೈಗೆ ಕೀ ಬಂದ ದಿನ ಬಾಬಾಸಾಹೇಬರ ಫೋಟೋ ಮುಂದೆ ಕಾರು ನಿಲ್ಲಿಸಿ ಹಾರ ಹಾಕಿದ್ದೀವಿ.

ಕಾರು ಕೊಡಿಸಿದ್ದು ಸರಿ. ಅದನ್ನ ಓಡಿಸಿದ್ರೆ ಕೈಗೆ ಏನು ಉಳಿಯುತ್ತೆ ಅಂತ ಸಹಾಯಧನ ಕೊಟ್ಟವರೂ ಕೇಳಲಿಲ್ಲ, ಕೊಡಿಸಿದ ನಾವೂ ಅಷ್ಟಾಗಿ ಮಾತಾಡಿಲ್ಲ. ಈಗ ಮಾತಾಡೋಣ.

ಮೊದಲು ಈ ಎಸಿ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳೋಣ. ಫ್ಯಾನ್ ಬ್ಯಾಟರಿಯಿಂದ ತಿರುಗುತ್ತಲ್ಲ, ಎಸಿಯೂ ಹಂಗೇ ಬ್ಯಾಟರಿಯಿಂದ ಪುಕ್ಕಟೆ ಬರುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಪೆಟ್ರೋಲ್, ಡೀಸೆಲ್, ಸಿಎನ್‌ಜಿ ಕಾರುಗಳಲ್ಲಿ ಹಂಗಲ್ಲ. ಎಂಜಿನ್ನಿನ ಪಕ್ಕದಲ್ಲಿ ಕಂಪ್ರೆಸರ್ ಅಂತ ಒಂದಿರುತ್ತೆ. ಅದನ್ನ ಒಂದು ಬೆಲ್ಟ್ ಮೂಲಕ ಎಂಜಿನ್ನೇ ತಿರುಗಿಸಬೇಕು. ಅದು ಗ್ಯಾಸನ್ನ ಒತ್ತಿ ಬಿಸಿ ಮಾಡಿ ಮುಂದಿನ ಜಾಲರಿಗೆ ಕಳಿಸುತ್ತೆ. ಅದು ರೇಡಿಯೇಟರ್ ಮುಂದೆ ಇರೋ ಕಂಡೆನ್ಸರ್. ಅಲ್ಲಿ ಬಿಸಿ ಹೊರಗೆ ಹೋಗುತ್ತೆ. ಆಮೇಲೆ ಆ ಗ್ಯಾಸು ಡ್ಯಾಶ್‌ಬೋರ್ಡ್ ಹಿಂದೆ ಹಿಗ್ಗಿ ತಣ್ಣಗಾಗಿ, ಕಾರಿನೊಳಗಿನ ಬಿಸಿಯನ್ನ ಹೀರಿಕೊಳ್ಳುತ್ತೆ. ಅಂದ್ರೆ ಎಸಿ ತಂಪನ್ನ ಹುಟ್ಟಿಸಲ್ಲ. ಒಳಗಿನ ಬಿಸಿಯನ್ನ ಹೊತ್ತು ಹೊರಗೆ ಹಾಕುತ್ತೆ. ಹೊರೋ ಕೂಲಿ ಎಂಜಿನ್ನಿಂದು. ಎಂಜಿನ್ನಿಗೆ ಊಟ ಪೆಟ್ರೋಲು.

ಎಷ್ಟು ಊಟ? ಅದು ಹವೆ ಮೇಲೆ, ಕಾರಿನ ಮೇಲೆ, ರಸ್ತೆ ಮೇಲೆ ಹೋಗುತ್ತೆ. ಅಮೆರಿಕದ ಇಂಧನ ಇಲಾಖೆ ತನ್ನ ಜನರಿಗೆ ಕೊಡೋ ಮಾಹಿತಿಯಲ್ಲೇ ಹೇಳುತ್ತೆ: ತುಂಬಾ ಬಿಸಿಲಿದ್ದಾಗ ಎಸಿ ಬಳಸಿದ್ರೆ ಮೈಲೇಜ್ ಶೇ. 25ಕ್ಕಿಂತಲೂ ಹೆಚ್ಚು ಬೀಳಬಹುದು, ಅದರಲ್ಲೂ ಚಿಕ್ಕಪುಟ್ಟ ಓಡಾಟದಲ್ಲಿ. ನಮ್ಮ ಕ್ಯಾಬ್ ಹುಡುಗರ ಬದುಕೇ ಚಿಕ್ಕಪುಟ್ಟ ಓಡಾಟ. ನಾಲ್ಕು ಕಿಲೋಮೀಟರ್, ಏಳು ಕಿಲೋಮೀಟರ್, ಮತ್ತೆ ನಾಲ್ಕು. ಬಿಸಿಲಲ್ಲಿ ನಿಂತ ಕಾರು ಒಳಗೆ ಕಾದು ಕೆಂಡ ಆಗಿರುತ್ತೆ. ಅದನ್ನ ತಣ್ಣಗೆ ಮಾಡೋ ಮೊದಲ ಹತ್ತು ನಿಮಿಷದಲ್ಲೇ ಕಂಪ್ರೆಸರ್‌ಗೆ ದೊಡ್ಡ ಕೆಲಸ. ತಣ್ಣಗಾಗೋ ಹೊತ್ತಿಗೆ ಇಳಿಯೋ ಜಾಗ ಬಂತು. ಬಾಗಿಲು ತೆಗೆದ್ರು, ತಂಪು ಹೋಯ್ತು. ಮುಂದಿನ ಗಿರಾಕಿಗೆ ಮತ್ತೆ ಮೊದಲಿಂದ.

ಇನ್ನೊಂದು ಮುಖ್ಯ ವಿಷಯ. ಎಸಿ ಪೆಟ್ರೋಲ್ ತಿನ್ನೋದು ಹೆಚ್ಚುಕಡಿಮೆ ಗಂಟೆ ಲೆಕ್ಕದಲ್ಲಿ. ಕಾರು ಓಡಲಿ, ಸಿಲ್ಕ್ ಬೋರ್ಡ್‌ನಲ್ಲಿ ನಿಂತಿರಲಿ, ಅದು ತಿನ್ನುತ್ತಲೇ ಇರುತ್ತೆ. ಡ್ರೈವರ್‌ಗೆ ದುಡ್ಡು ಬರೋದು ಮಾತ್ರ ಬಹುಪಾಲು ಕಿಲೋಮೀಟರ್ ಲೆಕ್ಕದಲ್ಲಿ. ಸಣ್ಣ ಪೆಟ್ರೋಲ್ ಕಾರು ಎಸಿ ಇಲ್ಲದೆ ನಿಂತಲ್ಲೇ ಎಂಜಿನ್ ಓಡಿಸ್ತಾ ಇದ್ರೆ ಗಂಟೆಗೆ ಸುಮಾರು ಅರ್ಧ ಲೀಟರ್ ಹೋಗುತ್ತೆ. ಎಸಿ ಹಾಕಿದ್ರೆ ಅದು ಮುಕ್ಕಾಲು ಆಗುತ್ತೆ, ಸುಡುಬಿಸಿಲಲ್ಲಿ ಒಂದು ಲೀಟರ್ ಹತ್ತಿರಕ್ಕೂ ಹೋಗುತ್ತೆ. ಹತ್ತು ಕಿಲೋಮೀಟರ್‌ಗೆ ಅರ್ಧ ಗಂಟೆ ಹಿಡಿಯೋ ಊರಲ್ಲಿ ಇದರ ಅರ್ಥ ಏನು? ಟ್ರಾಫಿಕ್ ಜಾಸ್ತಿ ಆದಷ್ಟೂ ಎಸಿ ತಿನ್ನೋದು ಜಾಸ್ತಿ, ಗಳಿಕೆ ಕಡಿಮೆ. ಎರಡೂ ಕಡೆಯಿಂದ ಏಟು.

ಶೋರೂಮಿನಲ್ಲಿ ಇದನ್ನ ಯಾರೂ ಹೇಳಲ್ಲ. ನಮ್ಮಲ್ಲಿ ಕಾರಿಗೆ ಹೇಳೋ ಎಆರ್‌ಎಐ ಮೈಲೇಜ್ ಇದೆಯಲ್ಲ, ಅದನ್ನ ಅಳೆದಿರೋದು ಪರೀಕ್ಷಾ ಕೇಂದ್ರದಲ್ಲಿ, ರೋಲರ್ ಮೇಲೆ, ಎಸಿ ಆಫ್ ಮಾಡಿ. "ಲೀಟರಿಗೆ ಇಪ್ಪತ್ತೆರಡು ಕೊಡುತ್ತೆ ಸಾರ್" ಅನ್ನೋ ಮಾತು ಕೇಳಿ ಹುಡುಗ ಸಾಲಕ್ಕೆ ಸಹಿ ಹಾಕ್ತಾನೆ. ಓಡಿಸೋದು ಎಸಿ ಹಾಕಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ. ಆ ಇಪ್ಪತ್ತೆರಡು ಅವನಿಗೆ ಯಾವತ್ತೂ ಸಿಗಲ್ಲ.

ನನ್ನ ಚಿಕ್ಕಪ್ಪನ ಮಗ ಆರು ವರ್ಷದಿಂದ ಕ್ಯಾಬ್ ಓಡಿಸ್ತಾ ಇದ್ದಾನೆ. ಅವನು ಲೆಕ್ಕದಲ್ಲಿ ಕಟ್ಟುನಿಟ್ಟು. ಕಾರಿನ ಗ್ಲೋವ್ ಬಾಕ್ಸಿನಲ್ಲಿ ಒಂದು ಲಾಂಗ್ ನೋಟ್‌ಬುಕ್ ಇದೆ. ಟ್ಯಾಂಕ್ ತುಂಬಿಸಿದಾಗೆಲ್ಲ ಮೀಟರ್ ಓದಿ ಬರೆದಿಡ್ತಾನೆ. ಡಿಸೆಂಬರ್, ಜನವರಿಯಲ್ಲಿ ಎಸಿ ಕೇಳೋರು ಕಡಿಮೆ. ಆಗ ಅವನಿಗೆ ಊರೊಳಗೆ ಲೀಟರಿಗೆ 15 ಕಿ.ಮೀ. ಬಂದಿದೆ. ಏಪ್ರಿಲ್‌ನಲ್ಲಿ ಹನ್ನೆರಡೂವರೆ. ಅದೇ ಕಾರು, ಅದೇ ಡ್ರೈವರ್, ಅದೇ ರಸ್ತೆ.

ದಿನಕ್ಕೆ 150 ಕಿ.ಮೀ. ಅಂತ ಹಿಡೀರಿ. ಎಸಿ ಇಲ್ಲದಿದ್ರೆ 10 ಲೀಟರ್. ಎಸಿ ಇದ್ರೆ 12 ಲೀಟರ್. ದಿನಕ್ಕೆ 2 ಲೀಟರ್ ಜಾಸ್ತಿ. ಲೀಟರಿಗೆ 102 ರೂಪಾಯಿ ಹಿಡಿದ್ರೆ 204 ರೂಪಾಯಿ. ತಿಂಗಳಿಗೆ 26 ದಿನ ಓಡಿಸಿದ್ರೆ 5,304 ರೂಪಾಯಿ.

ಈ 5,304 ರೂಪಾಯಿ ಎಷ್ಟು ದೊಡ್ಡದು ಗೊತ್ತಾಗಬೇಕಾದ್ರೆ ಇನ್ನೊಂದು ಲೆಕ್ಕ ನೋಡಿ. 5 ಲಕ್ಷ ಸಾಲ, ಹತ್ತೂವರೆ ಪರ್ಸೆಂಟ್ ಬಡ್ಡಿ, ಐದು ವರ್ಷ. ತಿಂಗಳ ಕಂತು ಸುಮಾರು 10,750. ಅಂದ್ರೆ ಬೇಸಿಗೆಯಲ್ಲಿ ಎಸಿಗೆ ಹೋಗೋ ಪೆಟ್ರೋಲು ಅರ್ಧ ಇಎಂಐ. ಸಿಎನ್‌ಜಿ ಹಾಕಿಸಿದವರಿಗೆ ರೂಪಾಯಿ ಲೆಕ್ಕದಲ್ಲಿ ಏಟು ಸ್ವಲ್ಪ ಕಡಿಮೆ, ಆದ್ರೆ ಅನುಪಾತ ಹೆಚ್ಚುಕಡಿಮೆ ಅದೇ. ಎಲೆಕ್ಟ್ರಿಕ್ ಕಾರಿಗೂ ಬಿಡುಗಡೆ ಇಲ್ಲ. ಅಲ್ಲಿ ಕಂಪ್ರೆಸರ್ ಬ್ಯಾಟರಿಯನ್ನೇ ತಿನ್ನುತ್ತೆ, ಒಂದು ಚಾರ್ಜಿಗೆ ಓಡೋ ದೂರ ಕಡಿಮೆ ಆಗುತ್ತೆ, ಚಾರ್ಜಿಂಗ್ ಕ್ಯೂನಲ್ಲಿ ಇನ್ನೊಂದಿಷ್ಟು ಹೊತ್ತು ಕಾಯಬೇಕು.

ನಾನು ಅವನನ್ನ ಕೇಳಿದೆ, "ಎಸಿ ಹಾಕಲ್ಲ ಅಂತ ಹೇಳೋಕಾಗಲ್ವೇನೋ?"

"ಹೇಳ್ಬೋದಣ್ಣಾ. ಅವ್ರು ಇಳಿಯೋವಾಗ ಒಂದು ಸ್ಟಾರ್ ಒತ್ತಿ ಇಳೀತಾರೆ. ಅಂಥವು ನಾಕು ಬಿದ್ರೆ ಮಾರನೇ ದಿನದಿಂದ ಒಳ್ಳೇ ಟ್ರಿಪ್ ಬರಲ್ಲ. ಹೋದ್ವರ್ಷ ಮೂರು ದಿನ ನನ್ ಐಡಿನೇ ಬ್ಲಾಕ್ ಮಾಡಿದ್ರು. ಯಾಕೆ ಅಂತ ಕೇಳೋಕೆ ಒಬ್ಬ ಮನುಷ್ಯ ಸಿಗಲಿಲ್ಲ. ಫೋನ್ ಮಾಡಿದ್ರೆ ಮಿಷಿನ್ನು ಮಾತಾಡುತ್ತೆ."

ಮೂರು ದಿನ ಐಡಿ ಇಲ್ಲ ಅಂದ್ರೆ ಮೂರು ದಿನ ಕೂಲಿ ಇಲ್ಲ. ಕಂತು ಮಾತ್ರ ನಿಲ್ಲಲ್ಲ.

ಇಲ್ಲಿ ಒಂದು ವಿಷಯ ನೆನಪು ಮಾಡ್ಬೇಕು. ಎಸಿಗೆ ಬೆಲೆ ಇದೆ ಅಂತ ನಮ್ಮ ಸರ್ಕಾರಕ್ಕೆ ಗೊತ್ತಿತ್ತು. 2016ರಲ್ಲಿ ಆ್ಯಪ್ ಕಂಪನಿಗಳ ಸರ್ಜ್ ದರದ ಗಲಾಟೆ ಆದಾಗ ಪತ್ರಿಕೆಗಳಲ್ಲಿ ಬಂದ ಸರ್ಕಾರಿ ದರ ನೆನಪಿದೆಯಾ? ಎಸಿ ಇಲ್ಲದ ಟ್ಯಾಕ್ಸಿಗೆ ಕಿ.ಮೀ.ಗೆ 14.50 ರೂಪಾಯಿ, ಎಸಿ ಟ್ಯಾಕ್ಸಿಗೆ 19.50. ನಡುವೆ 5 ರೂಪಾಯಿ. ಆ ಐದೂ ರೂಪಾಯಿ ಪೆಟ್ರೋಲಿಗೇ ಅಲ್ಲ, ಕಾರಿನ ದರ್ಜೆಯೂ ಅದರಲ್ಲಿ ಸೇರಿತ್ತು ಅಂತ ಇಟ್ಕೊಳ್ಳೋಣ. ಆದ್ರೂ ತಂಪಿಗೆ ಬೇರೆ ದರ ಇದೆ ಅನ್ನೋದು ಕಾಗದದ ಮೇಲಿತ್ತು.

2024ರ ಜನವರಿಯಲ್ಲಿ ಏಕರೂಪ ದರ ಬಂತು. ನಗರದ ಟ್ಯಾಕ್ಸಿಗೂ ಆ್ಯಪ್ ಟ್ಯಾಕ್ಸಿಗೂ ಒಂದೇ ದರ. ಕಾರಿನ ಬೆಲೆ 10 ಲಕ್ಷದೊಳಗಿದ್ರೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. 10ರಿಂದ 15 ಲಕ್ಷದ ಕಾರಿಗೆ 115 ಮತ್ತು 28. ಅದಕ್ಕಿಂತ ದುಬಾರಿ ಕಾರಿಗೆ 130 ಮತ್ತು 32. ಏಕರೂಪ ದರ ಬೇಕು ಅನ್ನೋದು ಚಾಲಕರ ಹಳೇ ಬೇಡಿಕೆ, ಅದನ್ನ ನಾನು ಸ್ವಾಗತಿಸ್ತೀನಿ. ಆದ್ರೆ ಗಮನಿಸಿ: ದರ ನಿಂತಿರೋದು ಕಾರಿನ ಬೆಲೆ ಮೇಲೆ. ಎಸಿ ಹಾಕಿದ್ರೆ ಎಷ್ಟು, ಹಾಕದಿದ್ರೆ ಎಷ್ಟು ಅನ್ನೋ ಸಾಲು ಹೊರಟುಹೋಗಿದೆ. ಅದರ ಮೇಲೆ, ಈ ಆದೇಶದ ದರವೇ ಆ್ಯಪ್‌ನಲ್ಲಿ ತಮ್ಮ ಕೈಗೆ ಸಿಗ್ತಿಲ್ಲ ಅನ್ನೋದು ಚಾಲಕರ ದೂರು. 24 ರೂಪಾಯಿ ನಿಜವಾಗಿ ಕೈಗೆ ಬಂದ್ರೆ ನಮ್ಮ ಹುಡುಗರು ಎಸಿ ಬಗ್ಗೆ ಜಗಳಾನೇ ಆಡಲ್ಲ. ಅದು ಬರದೇ ಇರೋದಕ್ಕೇ ಎರಡು ಲೀಟರ್ ಪೆಟ್ರೋಲು ದೊಡ್ಡ ಮಾತಾಗಿರೋದು.

ಇದು ಬೆಂಗಳೂರಿನ ಕತೆ ಮಾತ್ರ ಅಲ್ಲ. 2024ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಚಾಲಕರು "ನೋ ಎಸಿ" ಅಭಿಯಾನ ಮಾಡಿದ್ರು. ತೆಲಂಗಾಣ ಗಿಗ್ ಅಂಡ್ ಪ್ಲಾಟ್‌ಫಾರ್ಮ್ ವರ್ಕರ್ಸ್ ಯೂನಿಯನ್ ಅದರ ಮುಂದಾಳತ್ವ ವಹಿಸಿತ್ತು. ಅವರ ವಾದ ಸರಳ: ನಮ್ಮ ಕೈಗೆ ಕಿ.ಮೀ.ಗೆ ಸಿಗೋದು 10-12 ರೂಪಾಯಿ, ಎಸಿ ಹಾಕಿ ಓಡಿಸಿದ್ರೆ ಖರ್ಚು 16-18 ರೂಪಾಯಿ, ನಾವು ಯಾವ ಲೆಕ್ಕದಲ್ಲಿ ಎಸಿ ಹಾಕೋದು? ಇದನ್ನ ಕೇಳಿದ ಕೆಲವರು "ಸೋಮಾರಿಗಳು, ದುರಾಸೆ" ಅಂದ್ರು. ಖರ್ಚಿಗಿಂತ ಕಡಿಮೆ ಬೆಲೆಗೆ ತನ್ನ ಸರಕು ಮಾರು ಅಂತ ಯಾವ ಅಂಗಡಿಯವನಿಗಾದ್ರೂ ಹೇಳ್ತೀವಾ? ಡ್ರೈವರ್‌ಗೆ ಮಾತ್ರ ಹೇಳ್ತೀವಿ.

ಈಗ ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಗಾಡಿ, ಬಾಡಿಗೆ, ಜಾತಿ ಈ ಮೂರರ ಕತೆ ನಮಗೆ ಹೊಸದಲ್ಲ. ಬಾಬಾಸಾಹೇಬರು ತಮ್ಮ "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಬರೆದುಕೊಂಡಿದ್ದಾರೆ. 1901ರಲ್ಲಿ, ಅವರು ಸಣ್ಣ ಹುಡುಗ. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಪ್ಪನನ್ನ ನೋಡೋಕೆ ಹೊರಟು ಮಸೂರ್ ಸ್ಟೇಷನ್‌ನಲ್ಲಿ ಇಳೀತಾರೆ. ಮಹಾರ್ ಮಕ್ಕಳು ಅಂತ ಗೊತ್ತಾದ ಮೇಲೆ ಒಬ್ಬ ಗಾಡಿಯವನೂ ಬರಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡರಷ್ಟು ಬಾಡಿಗೆಗೆ. ಅದೂ ಮಕ್ಕಳೇ ಗಾಡಿ ಹೊಡ್ಕೋಬೇಕು, ಅವನು ಪಕ್ಕದಲ್ಲಿ ನಡೆದು ಬರ್ತಾನೆ ಅನ್ನೋ ಷರತ್ತಿಗೆ. 1929ರಲ್ಲಿ, ವಿದೇಶದಲ್ಲಿ ಓದಿ ಬ್ಯಾರಿಸ್ಟರ್ ಆಗಿ ಬಂದ ಮೇಲೂ, ಚಾಳೀಸ್‌ಗಾಂವ್‌ನಲ್ಲಿ ಅದೇ ಆಯ್ತು. ಟಾಂಗಾದವರು ಅವರನ್ನ ಕೂರಿಸಿಕೊಂಡು ಹೋಗಲ್ಲ ಅಂದ್ರು. ಕೇರಿಯ ಜನ ಟಾಂಗಾ ಮಾತ್ರ ಬಾಡಿಗೆಗೆ ತಂದ್ರು. ಓಡಿಸಿ ಅಭ್ಯಾಸ ಇಲ್ಲದವರೊಬ್ಬರು ಓಡಿಸಿದ್ರು. ಸೇತುವೆ ಹತ್ತಿರ ಅಪಘಾತ ಆಗಿ ಬಾಬಾಸಾಹೇಬರ ಕಾಲು ಮುರೀತು.

ಇವತ್ತು ಅವರ ಮಕ್ಕಳು ಮೊಮ್ಮಕ್ಕಳು ಸ್ಟೀರಿಂಗ್ ಹಿಡಿದಿದ್ದಾರೆ. ಯಾವ ಜಾತಿಯವರೇ ಆಗ್ಲಿ, ಬುಕ್ ಮಾಡಿದ್ರೆ ಹತ್ತಿಸ್ಕೊಂಡು ಹೋಗ್ತಾರೆ. ಎರಡರಷ್ಟು ಬಾಡಿಗೆ ಕೇಳ್ತಾ ಇಲ್ಲ. ಆಗಿರೋ ಖರ್ಚು ಕೇಳ್ತಾ ಇದ್ದಾರೆ. ಅಂದು ಕೂತವನು ನಾವಾಗಿದ್ದಾಗ ಜಾತಿಗಾಗಿ ಹೆಚ್ಚಿಗೆ ಕೊಡಬೇಕಾಯ್ತು. ಇಂದು ಓಡಿಸೋವನು ನಾವಾದಾಗ ನಮ್ಮ ಜೇಬಿಂದಲೇ ಹಾಕ್ಬೇಕಾಗಿದೆ. ಸೀಟು ಬದಲಾಯ್ತು, ನಷ್ಟ ಹೊರೋರು ಬದಲಾಗಲಿಲ್ಲ. ಕ್ಯಾಬ್ ಓಡಿಸೋರೆಲ್ಲ ದಲಿತರು ಅಂತ ನಾನು ಹೇಳ್ತಿಲ್ಲ. ಒಕ್ಕಲಿಗರ ಹುಡುಗರಿದ್ದಾರೆ, ಮುಸ್ಲಿಮರಿದ್ದಾರೆ, ಎಲ್ಲ ಸಮುದಾಯದ ಬಡವರಿದ್ದಾರೆ. ಆದ್ರೆ ಹಿಂದೆ ಜಮೀನು ಇಲ್ಲದವನಿಗೆ, ಅಪ್ಪನ ಸೈಟ್ ಇಲ್ಲದವನಿಗೆ ತಿಂಗಳಿಗೆ ಐದು ಸಾವಿರ ಹೋದ್ರೆ ತಡೆಯೋಕೆ ಏನೂ ಇರಲ್ಲ. ಎರಡು ಕಂತು ತಪ್ಪಿದ್ರೆ ಸೀಜ್ ಮಾಡೋರು ಬರ್ತಾರೆ. ಹಾರ ಹಾಕಿದ ಕಾರು ಫೈನಾನ್ಸಿನವರ ಯಾರ್ಡಿನಲ್ಲಿ ನಿಲ್ಲುತ್ತೆ.

ಪರಿಸರದ ಗೆಳೆಯರಿಗೆ ಒಂದು ಮಾತು. "ಎಸಿನೇ ಬೇಡ" ಅನ್ನೋದು ಸುಲಭ. ನಾನು ಆ ಕಡೆ ಇಲ್ಲ. ತಂಪು ಅನ್ನೋದು ಶೋಕಿ ಅಲ್ಲ. ಬಿಸಿಲಲ್ಲಿ ಯಾರು ಹೆಚ್ಚು ಹೊತ್ತು ದುಡೀತಾರೆ ಅನ್ನೋದಕ್ಕೂ ಜಾತಿಗೂ ಸಂಬಂಧ ಇದೆ ಅಂತ ಬೆಂಗಳೂರಿನ ಐಐಎಂ ಸಂಶೋಧಕರೂ ಸೇರಿ ಮಾಡಿದ ಅಧ್ಯಯನವೇ ತೋರಿಸಿದೆ. ನಮಗೆ ಅಧ್ಯಯನ ಬೇಕಿರಲಿಲ್ಲ, ನಮ್ಮ ಅವ್ವಂದಿರ ಬೆನ್ನು ನೋಡಿದ್ರೆ ಗೊತ್ತಾಗುತ್ತೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ 39.2 ಡಿಗ್ರಿ ಆಗಿತ್ತು. ರಾಯಚೂರು, ಕಲಬುರಗಿಯ ಡ್ರೈವರ್‌ಗಳಿಗೆ ಅದು ಮಾಮೂಲಿ ಬೇಸಿಗೆ.

ಆ ಡ್ರೈವರ್ ದಿನಕ್ಕೆ ಹನ್ನೆರಡು ಗಂಟೆ ಅದೇ ಡಬ್ಬಿಯಲ್ಲಿ ಕೂತಿರ್ತಾನೆ. ಕೂತವರು ಅರ್ಧ ಗಂಟೆಗೆ ಇಳಿದು ಹೋಗ್ತಾರೆ. ಅವರು ಇಳಿದ ತಕ್ಷಣ ಇವನು ಎಸಿ ಆಫ್ ಮಾಡ್ತಾನೆ. ಟ್ರಿಪ್ ಬರೋ ತನಕ ಯಾವುದಾದ್ರೂ ಮರದ ಕೆಳಗೆ, ಮರ ಇಲ್ಲದಿದ್ರೆ ಫ್ಲೈಓವರ್ ಕೆಳಗೆ, ಬಾಗಿಲು ತೆಗೆದು ಒಂದು ಕಾಲು ಹೊರಗೆ ಹಾಕಿ ಮಲಗ್ತಾನೆ. ಏರ್‌ಪೋರ್ಟ್ ಪಾರ್ಕಿಂಗಿಗೆ ಮಧ್ಯಾಹ್ನ ಹೋಗಿ ನೋಡಿ. ತನ್ನ ಸ್ವಂತ ಕಾರಿನ ಎಸಿಯನ್ನ ತನಗೋಸ್ಕರ ಹಾಕೋ ಧೈರ್ಯ ಅವನಿಗಿಲ್ಲ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚೋದು.

ಲಾರಿಗಳ ವಿಷಯದಲ್ಲಿ ಈ ವಾದವನ್ನ ಸರ್ಕಾರ ಒಪ್ಪಿಯಾಗಿದೆ. 2025ರ ಅಕ್ಟೋಬರ್ 1ರ ನಂತರ ತಯಾರಾಗೋ ಮಧ್ಯಮ ಮತ್ತು ಭಾರಿ ಟ್ರಕ್‌ಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಖರ್ಚು ಜಾಸ್ತಿ ಆಗುತ್ತೆ ಅಂತ ವಿರೋಧ ಬಂದಿತ್ತು ಅಂತ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ ಹೇಳಿದ್ದಾರೆ. ಆದ್ರೂ ನಿಯಮ ಬಂತು, ಒಳ್ಳೇದು. ಆದ್ರೆ ಅದು ಮೂರೂವರೆ ಟನ್‌ಗಿಂತ ಹೆಚ್ಚು ತೂಕದ ಗಾಡಿಗಳಿಗೆ. ಬೆಳಗ್ಗೆ ನಿಮ್ಮ ಬೀದಿಗೆ ಬರೋ ಕಸದ ಆಟೊ ಟಿಪ್ಪರ್ ಅದರೊಳಗೆ ಬರಲ್ಲ. ಅದನ್ನ ಓಡಿಸೋದು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಇನ್ನು ಕೂತವರ ಕಷ್ಟ. ಅದೂ ಸುಳ್ಳಲ್ಲ. ರಾತ್ರಿ ಒಬ್ಬಳೇ ಹೋಗೋ ಹೆಣ್ಣುಮಗಳು ಕಿಟಕಿ ಏರಿಸ್ಕೊಂಡು ಹೋಗೋಕೆ ಇಷ್ಟಪಡ್ತಾಳೆ. ಆಸ್ಪತ್ರೆಯಿಂದ ಡಯಾಲಿಸಿಸ್ ಮುಗಿಸಿ ಬರೋ ಅಜ್ಜನಿಗೆ ಧೂಳು, ಹೊಗೆ ತಡ್ಕೊಳೋಕಾಗಲ್ಲ. ಅವರಿಗೆ "ಕಿಟಕಿ ತೆಗೀರಿ" ಅನ್ನೋದು ನ್ಯಾಯ ಅಲ್ಲ. ಅವರು ಎಸಿ ಕೇಳ್ಬೇಕು, ಡ್ರೈವರ್ ಹಾಕ್ಬೇಕು. ಎಸಿಗೆ ಹಾಕಿದ ಪೆಟ್ರೋಲಿನ ದುಡ್ಡು ಅವನಿಗೆ ಬರ್ಬೇಕು. ಇಷ್ಟೇ ನನ್ನ ವಾದ.

ಕಿಟಕಿ ತೆಗೆದ್ರೆ ಯಾವಾಗಲೂ ಉಳಿತಾಯ ಅನ್ನೋದೂ ಪೂರ್ತಿ ನಿಜ ಅಲ್ಲ. ಊರೊಳಗೆ ಮೂವತ್ತು ನಲವತ್ತರ ವೇಗದಲ್ಲಿ ಉಳಿತಾಯ ಇದೆ. ಏರ್‌ಪೋರ್ಟ್ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ನಾಲ್ಕೂ ಕಿಟಕಿ ಇಳಿಸಿದ್ರೆ ಒಳಗೆ ನುಗ್ಗೋ ಗಾಳಿಯೇ ಕಾರನ್ನ ಹಿಂದಕ್ಕೆ ಎಳೆಯುತ್ತೆ, ಅದಕ್ಕೂ ಪೆಟ್ರೋಲ್ ಹೋಗುತ್ತೆ.

ಓಡಿಸೋ ತಮ್ಮಂದಿರಿಗೆ ಕೆಲವು ಮಾತು, ನಿಮ್ಮಿಂದಲೇ ಕಲಿತದ್ದು. ಕಾದ ಕಾರಿಗೆ ಹತ್ತಿದ ತಕ್ಷಣ ಎಸಿ ಹಾಕಬೇಡಿ. ಒಂದೆರಡು ನಿಮಿಷ ಕಿಟಕಿ ಇಳಿಸಿ ಓಡಿಸಿ ಬಿಸಿ ಗಾಳಿ ಹೊರಗೆ ಹೋಗಲಿ. ಆಮೇಲೆ ಕಿಟಕಿ ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸೋ ಬಟನ್ ಒತ್ತಿ. ಹೊರಗಿನ ಬಿಸಿ ಗಾಳಿಯನ್ನ ಮತ್ತೆ ಮತ್ತೆ ತಣ್ಣಗೆ ಮಾಡೋ ಕೆಲಸ ತಪ್ಪುತ್ತೆ. ಮುಂದಿನ ಜಾಲರಿಯಲ್ಲಿ ಧೂಳು, ಹುಳ ಕೂತಿದ್ರೆ ನೀರಿನಿಂದ ಮೆಲ್ಲಗೆ ತೊಳೀರಿ. ಏರ್ ಫಿಲ್ಟರ್ ಕಟ್ಟಿಕೊಂಡಿದ್ರೆ ಬದಲಾಯಿಸಿ. ಇಳಿಯೋ ಜಾಗ ಎರಡು ನಿಮಿಷ ಇದೆ ಅನ್ನುವಾಗ ಎಸಿ ಬಟನ್ ಆಫ್ ಮಾಡಿ ಫ್ಯಾನ್ ಮಾತ್ರ ಬಿಡಿ, ಸ್ವಲ್ಪ ಹೊತ್ತು ತಂಪು ಬರ್ತಾನೇ ಇರುತ್ತೆ. ಒಂದು ಮಾತ್ ಮಾತ್ರ ಮರೀಬೇಡಿ: ಗ್ಲಾಸ್ ಏರಿಸಿ, ಎಂಜಿನ್ ಆನ್ ಇಟ್ಟು, ಎಸಿ ಹಾಕ್ಕೊಂಡು ಮಲಗಬೇಡಿ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್ ಒಳಗೆ ಬಂದ್ರೆ ವಾಸನೆ ಬರಲ್ಲ, ಎಚ್ಚರ ಆಗಲ್ಲ. ಪೆಟ್ರೋಲ್ ಹೋದ್ರೆ ದುಡೀಬಹುದು.

ಆದ್ರೆ ಈ ಉಪಾಯಗಳಿಂದ ಎರಡು ಲೀಟರ್ ಒಂದೂವರೆ ಆಗಬಹುದು ಅಷ್ಟೇ. ಉಳಿದದ್ದಕ್ಕೆ ಬೇಡಿಕೆಯೇ ದಾರಿ. ನಾವು ಕೇಳಬೇಕಾದ್ದು ಇವು:

1. ಏಕರೂಪ ದರದ ಆದೇಶ ಮೊದಲು ಆ್ಯಪ್‌ಗಳಲ್ಲಿ ಜಾರಿ ಆಗಲಿ. ಸಾರಿಗೆ ಇಲಾಖೆ ಆದೇಶ ಹೊರಡಿಸಿ ಕೈತೊಳೆದುಕೊಂಡ್ರೆ ಆಗಲ್ಲ.

2. ದರದಲ್ಲಿ ಎಸಿಗೆ ಮತ್ತೆ ಬೇರೆ ಸಾಲು ಬರಲಿ. ನನ್ನ ಲೆಕ್ಕ ಹೀಗೆ: 150 ಕಿ.ಮೀ. ಓಡಿದ್ರೆ ಬಾಡಿಗೆ ಸಿಗೋದು ಸುಮಾರು 100 ಕಿ.ಮೀ.ಗೆ, ಉಳಿದದ್ದು ಗಿರಾಕಿ ಹತ್ತಿರ ಹೋಗೋಕೆ ಖಾಲಿ ಓಡಾಟ. 204 ರೂಪಾಯಿಯನ್ನ ಆ ನೂರಕ್ಕೆ ಹಂಚಿದ್ರೆ ಕಿ.ಮೀ.ಗೆ 2 ರೂಪಾಯಿ. ಹತ್ತು ಕಿಲೋಮೀಟರ್ ಸವಾರಿಗೆ 20 ರೂಪಾಯಿ. ಬುಕ್ ಮಾಡುವಾಗಲೇ ಎಸಿ ಬೇಕಾ ಬೇಡ್ವಾ ಅಂತ ಆ್ಯಪ್ ಕೇಳಲಿ. ಬೇಕು ಅಂದ್ರೆ ಆ 20 ರೂಪಾಯಿ ಕಮಿಷನ್ ಕಟ್ ಆಗದೆ ಪೂರ್ತಿ ಡ್ರೈವರ್‌ಗೆ ಹೋಗಲಿ. ಆಗ ಕಾರಿನೊಳಗೆ ಜಗಳಕ್ಕೆ ಜಾಗವೇ ಇರಲ್ಲ.

3. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ಕಲ್ಯಾಣ ಮಂಡಳಿ ಇದೆ, ಪ್ರತಿ ವಹಿವಾಟಿನ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಇದೆ, ಕಾರಣ ಬರೆದು ಕೊಟ್ಟು 14 ದಿನ ನೋಟಿಸ್ ಕೊಡದೆ ಕೆಲಸದಿಂದ ತೆಗೆಯೋಹಾಗಿಲ್ಲ ಅಂತ ಇದೆ. ಎಸಿ ದೂರಿನ ಮೇಲೆ ಐಡಿ ಬ್ಲಾಕ್ ಮಾಡೋದಕ್ಕೂ ಇದೇ ಅಳತೆ ಅನ್ವಯ ಆಗಲಿ. ಮೂರು ದಿನದ ಬ್ಲಾಕ್ ಕೂಡ ಮೂರು ದಿನದ ಕೂಲಿ.

4. ಸಹಾಯಧನ ಕೊಡೋ ನಿಗಮಗಳು ಕಾರು ಕೊಡೋ ಮೊದಲು ಹುಡುಗರಿಗೆ ಎಸಿ ಹಾಕಿ ಊರೊಳಗೆ ಓಡಿಸಿದ್ರೆ ನಿಜವಾದ ಮೈಲೇಜ್ ಎಷ್ಟು, ತಿಂಗಳ ಖರ್ಚು ಎಷ್ಟು ಅಂತ ಕೂರಿಸಿ ಹೇಳಲಿ. ಶೋರೂಮಿನ ಸಂಖ್ಯೆ ನಂಬಿ ಸಾಲ ಮಾಡಿಸಬೇಡಿ.

5. ಕಸದ ಗಾಡಿ, ಸಕ್ಕಿಂಗ್ ಗಾಡಿ ಓಡಿಸೋರಿಗೂ ಎಸಿ ಕ್ಯಾಬಿನ್ ಬೇಕು. ಅದರ ಇಂಧನ ಪಾಲಿಕೆಯ ಲೆಕ್ಕದಲ್ಲಿ ಇರಲಿ, ಗುತ್ತಿಗೆದಾರ ಚಾಲಕನ ಸಂಬಳದಲ್ಲಿ ಮುರಿಯೋಹಾಗಿರಬಾರದು.

ಕೊನೆಗೆ ನಮ್ಮವರಿಗೇ ಒಂದು ಮಾತು. ಫ್ರೀಡಂ ಪಾರ್ಕಿಗೆ ಧರಣಿಗೆ ಬರುವಾಗ ನಾವೂ ಕ್ಯಾಬ್‌ನಲ್ಲಿ ಬರ್ತೀವಿ. ಕಾರ್ಮಿಕರ ಹಕ್ಕಿನ ಬಗ್ಗೆ ಭಾಷಣ ಮಾಡಿ, ವಾಪಸ್ ಹೋಗುವಾಗ ಎಸಿ ಹಾಕಲಿಲ್ಲ ಅಂತ ಡ್ರೈವರ್‌ಗೆ ಒಂದು ಸ್ಟಾರ್ ಒತ್ತೋದು ಬೇಡ. ಸೆಕೆ ಆಗ್ತಿದ್ಯಾ? "ಅಣ್ಣ, ಎಸಿ ಹಾಕಿ, ಅದಕ್ಕೆ ಇಪ್ಪತ್ತು ರೂಪಾಯಿ ಸೇರಿಸಿ ಕೊಡ್ತೀನಿ" ಅಂತ ಹತ್ತಿದ ತಕ್ಷಣ ಹೇಳಿ. ಕೊಡೋಕಾಗಲ್ವಾ? ಕಿಟಕಿ ಇಳಿಸಿ ಕೂತ್ಕೊಳ್ಳಿ, ಸ್ಟಾರ್ ಐದು ಕೊಡಿ. ಇದು ಪರಿಹಾರ ಅಲ್ಲ, ನನಗೂ ಗೊತ್ತು. ಕಂಪನಿ ಕೊಡಬೇಕಾದ್ದನ್ನ ನಾವು ಕೊಟ್ರೆ ಕಂಪನಿ ಬಚಾವ್. ಆದ್ರೆ ದರ ಸರಿಯಾಗೋ ತನಕ ಆ ಹುಡುಗ ಕಂತು ಕಟ್ಟಬೇಕಲ್ಲ.

ಹಾಗೇ ಇನ್ನೊಂದು ಕೆಲಸ. ನಿಮ್ಮ ಕೇರಿಯಲ್ಲಿ, ನಿಮ್ಮ ಮನೆಯಲ್ಲಿ ಕ್ಯಾಬ್ ಓಡಿಸೋರು ಇದ್ರೆ ನೋಟ್‌ಬುಕ್ ಇಡೋಕೆ ಹೇಳಿ. ತಾರೀಕು, ಮೀಟರ್, ಲೀಟರ್, ಎಸಿ ಎಷ್ಟು ಹೊತ್ತು, ಅಷ್ಟು ಸಾಕು. ಎರಡು ತಿಂಗಳ ಲೆಕ್ಕ ನೂರು ಜನರದು ಸೇರಿದ್ರೆ ಅದನ್ನ ಶಾಂತಿನಗರದ ಸಾರಿಗೆ ಆಯುಕ್ತರ ಟೇಬಲ್ ಮೇಲೆ ಇಡೋಣ. ಕಂಪನಿ ಹತ್ತಿರ ಕಂಪ್ಯೂಟರ್ ಇದೆ. ನಮ್ಮ ಹತ್ತಿರ ಬರೆದಿಟ್ಟ ಲೆಕ್ಕ ಇರಲಿ. ಶಿಕ್ಷಣ, ಸಂಘಟನೆ, ಹೋರಾಟ ಅಂದ್ರೆ ಇದೂ ಸೇರುತ್ತೆ. ನಿಮ್ಮ ಲೆಕ್ಕ ನನಗೆ ಇನ್‌ಬಾಕ್ಸ್ ಮಾಡಿ, ಹೆಸರು ಬಹಿರಂಗ ಮಾಡಲ್ಲ.

ಓಡಿಸೋರಿಗೆ ಶೇರ್ ಮಾಡಿ. ಕೂತು ಹೋಗೋರಿಗೂ ಶೇರ್ ಮಾಡಿ.

ಜೈ ಭೀಮ್.